ಬೆಕ್ಕಿಗೂ ಲಸಿಕೆ ಬೇಡವೆ?

ಕಳೆದ ಚಳಿಗಾಲದಲ್ಲಿ ‘ನನ್ನ ಪ್ರೀತಿಯ ಪ್ರಾಣಿ’ ಎಂಬ ವಿಷಯವಾಗಿ ಪ್ರಬಂಧ ಬರೆಯಲು ಹೇಳಿದಾಗ, ಕಿದ್ವಾಯಿ ನಗರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ನಾಲ್ಕೇ ಸಾಲು ಬರೆದು ಹಾಳೆಯನ್ನು ಒಪ್ಪಿಸಿದಳು. ಮೂರು ತಿಂಗಳ ಬೆಕ್ಕಿನ ಮರಿ. ಎರಡು ದಿನ ವಾಂತಿ ಮಾಡಿಕೊಂಡಿತು, ಹಾಲು ಮುಟ್ಟಲಿಲ್ಲ, ಮೂರನೆಯ ದಿನ ಸತ್ತಿತು. ಲಸಿಕೆ ಹಾಕಿಸಿದ್ದಿರಾ ಎಂದು ನಾವು ವಿಚಾರಿಸಿದೆವು. “ನಮ್ಮದು ಒಂಬತ್ತನೇ ಮಹಡಿ ಸರ್, ಅದು ಹೊರಗೇ ಹೋಗ್ತಿರಲಿಲ್ಲ” ಎಂದಳು.

ಮಗುವಿನ ಈ ಉತ್ತರಕ್ಕಾಗಿ ಹಿರಿಯರನ್ನು ಹಳಿಯಲು ನಮಗೆ ಮನಸ್ಸಿಲ್ಲ. ನಾವು ಹತ್ತನೆಯ ತರಗತಿಯವರೆಗೆ ಓದಿದ ಊರಿನಲ್ಲಿ ಕಾಲುಬಾಯಿ ರೋಗಕ್ಕೆ ಚುಚ್ಚುಮದ್ದು ಹಾಕುವವರು ಬಂದರೆ ದನಕರುಗಳನ್ನೆಲ್ಲ ಹೊರಗೆ ಕಟ್ಟುತ್ತಿದ್ದರು. ಒಲೆಯ ಬಳಿ ಮಲಗಿದ ಬೆಕ್ಕಿನ ನೆನಪು ಯಾರಿಗೂ ಬರುತ್ತಿರಲಿಲ್ಲ. ಒಂದು ಹೋದರೆ ಇನ್ನೊಂದು ತಾನಾಗಿ ಬರುತ್ತಿತ್ತು. ಪೂರ್ವ ಕಿದ್ವಾಯಿ ನಗರದ ಹಳೆಯ ತಗ್ಗು ಸರಕಾರಿ ವಸತಿಗಳು ಅಳಿದು ಗಗನಚುಂಬಿ ಕಟ್ಟಡಗಳೆದ್ದಿವೆ. ಅಲ್ಲಿ ಬೆಕ್ಕು ಇಲಿ ಹಿಡಿಯುವ ಆಳಲ್ಲ. ಒಂಟಿ ಮಗುವಿನ ಒಡನಾಡಿ. ಅದರ ಪದವಿ ಬದಲಾಗಿದೆ, ನಮ್ಮ ಅಭ್ಯಾಸ ಬದಲಾಗಿಲ್ಲ.

ಆ ಮರಿಯನ್ನು ಕೊಂದ ರೋಗಕ್ಕೆ ಪಶುವೈದ್ಯರು ಪ್ಯಾನ್‌ಲ್ಯುಕೋಪೀನಿಯಾ ಎಂದು ಹೆಸರು ಹೇಳಿದರಂತೆ. ಇದರ ವೈರಸ್ಸು ರಕ್ತದ ಬಿಳಿಯ ಕಣಗಳನ್ನೂ ಕರುಳಿನ ಒಳಪದರವನ್ನೂ ಹಾಳುಮಾಡುತ್ತದೆ. ಪ್ರಾಣಿಯ ದೇಹದ ಹೊರಗೆ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲ ಈ ವೈರಸ್ಸು ಸಾಮಾನ್ಯ ಸಾಬೂನಿಗೆ ಜಗ್ಗುವುದಿಲ್ಲ. ಒಂಬತ್ತನೆಯ ಮಹಡಿಗೆ ಏರಲು ಅದಕ್ಕೆ ನಮ್ಮ ಪಾದರಕ್ಷೆಗಳೇ ಸಾಕು! ಮನುಷ್ಯರಿಗೆ ಇದು ತಗಲದು. ಆದುದರಿಂದಲೇ ಹೊತ್ತು ತಂದವರಿಗೆ ತಿಳಿಯುವುದೂ ಇಲ್ಲ.

ಈ ರೋಗಕ್ಕೂ ಬೆಕ್ಕುಗಳ ನೆಗಡಿಯನ್ನುಂಟುಮಾಡುವ ಹರ್ಪಿಸ್, ಕ್ಯಾಲಿಸಿ ಎಂಬೆರಡು ವೈರಸ್ಸುಗಳಿಗೂ ಸೇರಿ ಒಂದೇ ಲಸಿಕೆಯುಂಟು. ನೆಗಡಿಯನ್ನು ಅದು ಪೂರ್ಣ ತಡೆಯದಿದ್ದರೂ ಅದರ ಉಪದ್ರವವನ್ನು ತಗ್ಗಿಸುತ್ತದೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮೊದಲ ಬಾರಿ ಹಾಕಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಮತ್ತೆ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಏಕೆ ಸಾಲದು? ತಾಯಿಯ ಹಾಲಿನಿಂದ ಬಂದ ರಕ್ಷಣೆಯೇ ಎಳೆಯ ಮರಿಯಲ್ಲಿ ಲಸಿಕೆಯನ್ನು ನಿಷ್ಫಲಗೊಳಿಸುತ್ತದೆ. ಆ ರಕ್ಷಣೆ ಯಾವ ಮರಿಯಲ್ಲಿ ಎಂದು ಕರಗುವುದೆಂದು ಹೇಳಬರುವುದಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಇನ್ನೊಮ್ಮೆ, ಬಳಿಕ ವೈದ್ಯರು ಹೇಳಿದಂತೆ. ಬಹುಮಂದಿ ಮೊದಲ ಸೂಜಿಗೇ ಕೈತೊಳೆದುಕೊಳ್ಳುವರು. ಬೆಕ್ಕಿಗೆ ಪರದೇಶದ ಬಿಸ್ಕತ್ತು ತರುವ ಮನೆಯಲ್ಲೂ ಎರಡನೆಯ ಸೂಜಿಯ ವೆಚ್ಚ ಭಾರವಾಗಿ ತೋರುವುದು ನಮಗೆ ಸೋಜಿಗ.

ರೇಬೀಸಿನ ಮಾತೂ ಇದೆ. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳ ಕುರಿತು ಆದೇಶ ನೀಡಿದಾಗ ಊರೆಲ್ಲ ಅದೇ ಚರ್ಚೆ. ಬೆಕ್ಕಿನ ಸುದ್ದಿ ನಮ್ಮ ಕಿವಿಗೆ ಬೀಳಲಿಲ್ಲ. ನಾವು ಕನ್ನಡಿಗರು ಇದನ್ನು ಹುಚ್ಚುನಾಯಿ ರೋಗವೆಂದೇ ಕರೆದು ಬಂದುದರಿಂದ ಬೆಕ್ಕೂ ಇದನ್ನು ಕೊಡಬಲ್ಲದೆಂಬುದು ಮರೆತೇಹೋಗಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಅತ್ಯಂತ ವಿರಳ. ಮೂರು ತಿಂಗಳು ತುಂಬಿದ ಬೆಕ್ಕಿಗೆ ಇದರ ಲಸಿಕೆಯನ್ನು ಬೇರೆಯಾಗಿ ಹಾಕಿಸಬೇಕು. ಮಕ್ಕಳೇ, ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಬೈಗುಳಕ್ಕೆ ಅಂಜಿ ಮುಚ್ಚಿಡಬೇಡಿರಿ. ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿರಿ.

ನಮ್ಮ ವಿದ್ಯಾರ್ಥಿನಿಗೆ ಈಗ ಇನ್ನೊಂದು ಮರಿ ಬೇಕಂತೆ. ವೈರಸ್ಸು ಮನೆಯಲ್ಲೇ ಉಳಿದಿರಬಹುದಾದ ಕಾರಣ, ಎಲ್ಲ ಸೂಜಿಗಳೂ ಮುಗಿದ ಮರಿಯನ್ನಷ್ಟೇ ತರಬೇಕೆಂದು ವೈದ್ಯರ ಅಪ್ಪಣೆಯಾಗಿದೆ. ಗೊತ್ತುಮಾಡಿದ ಮರಿಯಿನ್ನೂ ತಾಯಿಯ ಬಳಿಯೇ ಇದೆ. ಅದರ ಲಸಿಕೆಯ ದಿನಾಂಕಗಳನ್ನು ಹುಡುಗಿ ಕನ್ನಡ ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಾಳೆ. ಎರಡಕ್ಕೆ ಗುರುತು ಬಿದ್ದಿದೆ, ಒಂದು ಉಳಿದಿದೆ.