ಲಾಭ ಒಬ್ಬರಿಗೆ, ಅನಿಶ್ಚಿತತೆ ಇನ್ನೊಬ್ಬರಿಗೆ

ಉದ್ಯಮಿಗೆ ಲಾಭ ಏಕೆ ಸಲ್ಲಬೇಕು? ಈ ಹಳೆಯ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ದೊರೆಯುವ ಉತ್ತರಗಳ ಪೈಕಿ ಅಮೆರಿಕದ ಫ್ರಾಂಕ್ ನೈಟ್ 1921ರಲ್ಲಿ ನೀಡಿದ ಉತ್ತರ ಪ್ರಸಿದ್ಧವಾದುದು. ಭೂಮಿಗೆ ಗೇಣಿ, ಬಂಡವಾಳಕ್ಕೆ ಬಡ್ಡಿ, ದುಡಿಮೆಗೆ ಕೂಲಿ ಸಂದ ಮೇಲೆ ಉಳಿಯುವ ಲಾಭವು ನಾಳೆಯ ಅನಿಶ್ಚಿತತೆಯನ್ನು ಹೊತ್ತವನಿಗೆ ಸಿಗುವ ಪ್ರತಿಫಲ ಎಂಬುದು ಆ ವಾದದ ತಿರುಳು. ವ್ಯಾಪಾರ ಏರಲಿ, ಇಳಿಯಲಿ, ಕಾರ್ಮಿಕನಿಗೆ ಗೊತ್ತುಪಡಿಸಿದ ಕೂಲಿ ಸಲ್ಲುತ್ತದೆ. ಏರಿಳಿತದ ಹೊಣೆ ಮಾಲೀಕನದು. ಇಪ್ಪತ್ತನೆಯ ಶತಮಾನದ ಕಾರ್ಮಿಕ ಕಾನೂನುಗಳು ಬಹುಮಟ್ಟಿಗೆ ಈ ಅಲಿಖಿತ ಒಪ್ಪಂದದ ಮೇಲೆಯೇ ನಿಂತಿದ್ದವು. ಇಂದು ಸಡಿಲಗೊಂಡಿರುವುದು ಈ ಬುನಾದಿಯೇ.

ಆ್ಯಪ್ ಆಧಾರಿತ ಸೇವೆಗಳನ್ನೇ ನೋಡಿ. ಊಟ, ದಿನಸಿ ತಲುಪಿಸುವ ಯುವಕನ ದ್ವಿಚಕ್ರ ವಾಹನ ಅವನದೇ, ಅದರ ಸಾಲದ ಕಂತು ಅವನದೇ, ಪೆಟ್ರೋಲು, ಮೊಬೈಲು, ದುರಸ್ತಿಯ ವೆಚ್ಚವೂ ಅವನದೇ. ಆರ್ಡರ್ ಬಾರದ ಮಧ್ಯಾಹ್ನದ ಕಾಯುವಿಕೆಗೆ ಕೂಲಿಯಿಲ್ಲ. ದರವನ್ನು ನಿಗದಿಪಡಿಸುವವರು ಮಾತ್ರ ಬೇರೆ. ಅವನನ್ನು ‘ಪಾಲುದಾರ’ ಎಂದು ಕರೆಯುವುದುಂಟು. ಆದರೆ ಪಾಲಿಗೆ ಬರುವುದು ನಷ್ಟದ ಭಯವೇ ಹೊರತು ಲಾಭದ ಹಂಚಿಕೆಯಲ್ಲ. ನೀತಿ ಆಯೋಗದ 2022ರ ವರದಿಯ ಪ್ರಕಾರ, 2020-21ರಲ್ಲಿ ದೇಶದಲ್ಲಿ ಸುಮಾರು 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029-30ರ ವೇಳೆಗೆ ಈ ಸಂಖ್ಯೆ 2.35 ಕೋಟಿಗೆ ಏರಬಹುದೆಂಬುದು ಅದರ ಅಂದಾಜು. ನ್ಯಾಯಾಲಯದ ಆದೇಶದಂತೆ 2025ರ ಜೂನ್ 16ರಿಂದ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ಸ್ಥಗಿತಗೊಂಡಾಗ ಈ ವ್ಯವಸ್ಥೆಯ ನಿಜಸ್ವರೂಪ ಬಯಲಾಯಿತು. ಆ ಆದೇಶದ ಸರಿ ತಪ್ಪು ಇಲ್ಲಿಯ ಪ್ರಶ್ನೆಯಲ್ಲ. ದುಡಿಮೆ ನಿಂತ ಸವಾರರಿಗೆ ನೋಟಿಸ್ ಅವಧಿಯ ವೇತನವನ್ನಾಗಲೀ ಪರಿಹಾರವನ್ನಾಗಲೀ ಕೊಡಬೇಕಾದವರು ಯಾರೂ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರಿಗೆ ಮಾಲೀಕನೇ ಇರಲಿಲ್ಲ.

ಆದರೆ ಈ ಅಭದ್ರತೆಯನ್ನು ಮೊಬೈಲ್ ಫೋನು ಹುಟ್ಟುಹಾಕಿತೆಂದು ಭಾವಿಸುವುದು ತಪ್ಪು. ನೋಂದಾಯಿತ ಕಾರ್ಖಾನೆಗಳಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರ ಪ್ರಮಾಣ ಈ ಶತಮಾನದ ಆರಂಭದಲ್ಲಿ ಸುಮಾರು ಐದರಲ್ಲಿ ಒಂದು ಭಾಗವಿತ್ತು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಇತ್ತೀಚಿನ ಅಂಕಿಅಂಶಗಳಲ್ಲಿ ಅದು ಶೇ 40ನ್ನು ದಾಟಿದೆ. ಇದಕ್ಕಿಂತ ಕಹಿಯಾದ ಸಂಗತಿಯೆಂದರೆ, ಖಾಸಗಿಯವರಿಗೆ ಮೇಲ್ಪಂಕ್ತಿಯಾಗಬೇಕಿದ್ದ ಸರ್ಕಾರವೇ ಈ ಹಾದಿಯನ್ನು ಬಹಳ ಹಿಂದೆಯೇ ತುಳಿದಿತ್ತು. ದಿನಗೂಲಿ, ಹಂಗಾಮಿ, ಗುತ್ತಿಗೆ, ಹೊರಗುತ್ತಿಗೆ, ಅತಿಥಿ ಉಪನ್ಯಾಸಕ, ಗೌರವಧನದ ಕಾರ್ಯಕರ್ತೆ ಎಂದು ಹೆಸರುಗಳು ಹಲವು, ಸ್ಥಿತಿ ಒಂದೇ. ಆಡಳಿತದಲ್ಲಿ ದುಡಿದವರಿಗೆಲ್ಲ ಇದರ ಒಳಮರ್ಮ ತಿಳಿದಿದೆ. ಹುದ್ದೆ ಸೃಜಿಸಲು ಹಣಕಾಸು ಇಲಾಖೆಯ ಸಹಮತಿ ಸುಲಭವಾಗಿ ದೊರೆಯದು; ಅದೇ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರೆ ವೇತನದ ಲೆಕ್ಕವೂ ಹಗುರ, ಪಿಂಚಣಿಯ ಭಾರವೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಮನುಷ್ಯ ಸಿಬ್ಬಂದಿಯ ಸಾಲಿನಿಂದ ಸೇವಾ ವೆಚ್ಚದ ಸಾಲಿಗೆ ಜಾರುತ್ತಾನೆ.

ಈ ವಿಷಯದಲ್ಲಿ ದೇಶದ ದಿಕ್ಕನ್ನು ನಿರ್ಧರಿಸಿದ್ದು ಕರ್ನಾಟಕದಿಂದಲೇ ಹೋದ ಮೊಕದ್ದಮೆ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣವೂ ಸೇರಿದ್ದ ಉಮಾದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪು ನೀಡಿತು. ಸ್ಪರ್ಧೆಯ ಮೂಲಕ ನೇಮಕವಾಗದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂಬುದು ಅದರ ಒಂದು ಮುಖ. ಹಿಂಬಾಗಿಲ ನೇಮಕಾತಿಯಿಂದ ಅರ್ಹ ನಿರುದ್ಯೋಗಿಗಳಿಗೆ ಆಗುವ ಅನ್ಯಾಯವನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಆದರೆ ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ಬಲವಿಲ್ಲದೆ ಹತ್ತು ವರ್ಷ ಅಥವಾ ಹೆಚ್ಚು ಕಾಲ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಸಕ್ರಮಗೊಳಿಸಬೇಕು, ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ನಡೆಸಬೇಕು ಎಂದೂ ಅದೇ ತೀರ್ಪು ಹೇಳಿತ್ತು. ಇಲಾಖೆಗಳು ಮೊದಲ ಭಾಗವನ್ನು ಕಂಠಪಾಠ ಮಾಡಿದವು, ಎರಡನೆಯದನ್ನು ಮರೆತವು.

ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದೀರ್ಘಕಾಲ ಸ್ವಚ್ಛತೆಯ ಕೆಲಸ ಮಾಡಿದವರ ಜಗ್ಗೋ ಪ್ರಕರಣದಲ್ಲಿ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಮರೆವನ್ನೇ ಎತ್ತಿ ತೋರಿಸಿತು. ಉಮಾದೇವಿ ತೀರ್ಪನ್ನು ದುಡಿಯುವವರ ವಿರುದ್ಧ ಅಸ್ತ್ರವಾಗಿ ಬಳಸಲಾಗುತ್ತಿದೆ ಎಂದ ನ್ಯಾಯಾಲಯ, ಖಾಸಗಿ ವಲಯದ ಗಿಗ್ ಆರ್ಥಿಕತೆಯನ್ನೂ ಉಲ್ಲೇಖಿಸಿ, ಸರ್ಕಾರಿ ಸಂಸ್ಥೆಗಳ ಹೊಣೆ ಅದಕ್ಕಿಂತ ಮಿಗಿಲಾದುದೆಂದು ಎಚ್ಚರಿಸಿತು. ಆ್ಯಪ್ ಮತ್ತು ಸರ್ಕಾರಿ ಕಚೇರಿ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟಿದ್ದು ಹೀಗೆ.

ಈ ಹಿನ್ನೆಲೆಯಲ್ಲಿ ರಾಜ್ಯ 2025ರಲ್ಲಿ ಜಾರಿಗೆ ತಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ಪರಿಶೀಲಿಸಬೇಕು. 2023ರ ರಾಜಸ್ಥಾನದ ಕಾಯ್ದೆಯ ನಂತರ ಬಂದ ಇದು ಅನೇಕ ದೃಷ್ಟಿಯಿಂದ ಸ್ವಾಗತಾರ್ಹ. ಕಾರ್ಮಿಕನಿಗೆ ಪಾವತಿಯಾಗುವ ಪ್ರತಿ ಮೊತ್ತದ ಶೇ 1ರಿಂದ 5ರವರೆಗೆ ಕಂಪನಿಯಿಂದ ಕಲ್ಯಾಣ ಶುಲ್ಕ ವಸೂಲು ಮಾಡಲು ಅವಕಾಶವಿದೆ. ಕಾರಣ ತಿಳಿಸದೆ, 14 ದಿನಗಳ ಮುನ್ಸೂಚನೆ ನೀಡದೆ ಕೆಲಸದಿಂದ ತೆಗೆಯುವುದಕ್ಕೆ ಕಡಿವಾಣವಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಗಿಗ್ ಕಾರ್ಮಿಕರನ್ನು ಹೆಸರಿಸಿ ಗುರುತಿಸಿದೆ.

ಆದರೂ ಲೆಕ್ಕ ಹಾಕಿ ನೋಡೋಣ. ಒಂದು ಆರ್ಡರಿಗೆ 40 ರೂಪಾಯಿಯಂತೆ ದಿನಕ್ಕೆ 20 ಆರ್ಡರ್, ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೆ ಒಬ್ಬ ಕಾರ್ಮಿಕನಿಗೆ ಪಾವತಿಯಾಗುವುದು 2.40 ಲಕ್ಷ ರೂಪಾಯಿ. ಶೇ 1ರ ಲೆಕ್ಕದಲ್ಲಿ ಅವನ ಹೆಸರಿನಲ್ಲಿ ಸಂಗ್ರಹವಾಗುವುದು ವರ್ಷಕ್ಕೆ 2,400. ಶೇ 5 ಆದರೆ 12,000. ಇದರಿಂದ ವಿಮೆಗೆ ಒಂದಿಷ್ಟು ನೆರವಾದೀತು. ಕನಿಷ್ಠ ಗಳಿಕೆಯ ಭರವಸೆಯಾಗಲಿ, ಇಳಿವಯಸ್ಸಿನ ಆಸರೆಯಾಗಲಿ ಆಗದು. ಹಣ ಸಂಗ್ರಹವಾದರೆ ಸಾಲದು, ತಲುಪಲೂ ಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯಡಿ ವಸೂಲಾದ ಸಾವಿರಾರು ಕೋಟಿ ರೂಪಾಯಿ ಅವರನ್ನು ತಲುಪದಿರುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ತೀವ್ರ ಅಸಮಾಧಾನ ವ್ಯಕ್ತಪಡಿಸಿದ್ದನ್ನು ಮರೆಯಬಾರದು.

ನಿರ್ಬಂಧಗಳು ಹೆಚ್ಚಿದರೆ ಉದ್ಯೋಗವೇ ಕಡಿಮೆಯಾಗುತ್ತದೆ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಶಿಫಾರಸು, ಲಂಚಗಳ ಹಂಗಿಲ್ಲದೆ, ಊರು ಬಿಟ್ಟು ಬಂದ ತರುಣನಿಗೆ ಕೆಲವೇ ದಿನಗಳಲ್ಲಿ ಸಂಪಾದನೆಯ ದಾರಿ ತೋರಿಸಿದ್ದು ಈ ಆ್ಯಪ್‌ಗಳೇ. ಆದರೆ ಕೆಲಸದ ಸಡಿಲತೆಗೂ ಬದುಕಿನ ಭದ್ರತೆಗೂ ಹಗೆತನವಿರಬೇಕಾಗಿಲ್ಲ. ಇಂದು ಒಬ್ಬರ, ನಾಳೆ ಇನ್ನೊಬ್ಬರ ಮೂಟೆ ಹೊರುವ ಹಮಾಲರಿಗೂ ಸ್ಥಿರವಾದ ಮಾಲೀಕನಿರಲಿಲ್ಲ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ರೂಪಿಸಿ, ಮಂಡಳಿಯ ಮೂಲಕ ಕೂಲಿ ಪಾವತಿಸಿ, ಕೂಲಿಯ ಮೇಲೆ ವರ್ತಕರಿಂದ ಲೆವಿ ಪಡೆದು, ಭವಿಷ್ಯನಿಧಿ, ಗ್ರಾಚ್ಯುಟಿಗಳನ್ನು ಒದಗಿಸಿತು. ಕಾಗದದ ಕಡತಗಳ ಕಾಲದಲ್ಲಿ ಸಾಧ್ಯವಾದದ್ದು, ಪ್ರತಿ ಪಾವತಿಯೂ ಕ್ಷಣಾರ್ಧದಲ್ಲಿ ದಾಖಲಾಗುವ ಈ ಕಾಲದಲ್ಲಿ ಅಸಾಧ್ಯವೆಂದರೆ ನಂಬುವುದು ಕಷ್ಟ.

ಆದ್ದರಿಂದ ಆಗಬೇಕಾದದ್ದು ಮೂರು. ಕಲ್ಯಾಣ ಶುಲ್ಕ ಸಾಮೂಹಿಕ ನಿಧಿಯಲ್ಲಿ ಕರಗಿಹೋಗದಂತೆ ಅದರ ನಿರ್ದಿಷ್ಟ ಪಾಲು ಕಾರ್ಮಿಕನ ಸ್ವಂತ ಖಾತೆಗೆ ಜಮೆಯಾಗಿ, ಕಂಪನಿ ಬದಲಾದರೂ ಅವನೊಂದಿಗೆ ಸಾಗಬೇಕು. ಕೆಲಸದ ವೇಳೆಯ ಅಪಘಾತದ ಹೊಣೆಯನ್ನು ನೇರವಾಗಿ ಕಂಪನಿ ಹೊರಬೇಕು. ಮೂರನೆಯದು ಸರ್ಕಾರದ ಮನೆವಾರ್ತೆಗೆ ಸಂಬಂಧಿಸಿದ್ದು: ಪ್ರತಿ ಇಲಾಖೆ ತನ್ನಲ್ಲಿ ಎಷ್ಟು ಜನ, ಎಷ್ಟು ವರ್ಷಗಳಿಂದ, ಯಾವ ಕೂಲಿಗೆ ಗುತ್ತಿಗೆ ಮತ್ತು ಹೊರಗುತ್ತಿಗೆಯಲ್ಲಿ ದುಡಿಯುತ್ತಿದ್ದಾರೆಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಬಜೆಟ್ ಜೊತೆಗೆ ಸದನದ ಮುಂದಿಡಬೇಕು.

ಮನಸ್ಸು ಮಾಡಿದರೆ ದಾರಿಯಿದೆ. ಬೆಂಗಳೂರು ಮಹಾನಗರ ಪಾಲಿಕೆಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ 2025ರ ಮೇ 1ರಂದು ಕಾಯಂ ನೇಮಕಾತಿ ಪತ್ರ ದೊರೆಯಿತು. ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ನಗರ ಗುಡಿಸಿದ ಅವರಲ್ಲಿ ಬಹುಪಾಲು ದಲಿತ ಮಹಿಳೆಯರು. ಇದಕ್ಕಾಗಿ ಅವರು ನಡೆಸಿದ ಹೋರಾಟ ಸುದೀರ್ಘವಾದುದು. ಸಂಘವಿಲ್ಲದ, ಒಬ್ಬರ ಮುಖ ಒಬ್ಬರು ಕಾಣದ ಆ್ಯಪ್ ಕಾರ್ಮಿಕರು ಅಷ್ಟು ಕಾಲ ಕಾಯಲಾರರು. ಅನಿಶ್ಚಿತತೆಯನ್ನು ಹೊತ್ತವನಿಗೇ ಲಾಭ ಎಂಬುದು ನ್ಯಾಯವಾದರೆ, ಲಾಭ ಪಡೆಯುವವರು ಅನಿಶ್ಚಿತತೆಯಲ್ಲೂ ಪಾಲು ಹೊರಬೇಕೆಂಬುದು ಅದೇ ನ್ಯಾಯದ ಇನ್ನೊಂದು ಮುಖ.