ಬೇಸಿಗೆಗೂ ಉಳಿಯಬೇಕು, ಹಬ್ಬಕ್ಕೂ ಅರಳಬೇಕು

ವಿಜಯಪುರ, ಕಲಬುರಗಿ, ಬಳ್ಳಾರಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ ಮುಗಿಸಿದವರು ಅಂಗಳಕ್ಕೆ ಏನು ನೆಡಲಿ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ನೀರು ಬೇಡದ ಗಿಡ ಹಾಕಿ, ಕಣಗಿಲೆ, ಕಾಗದದ ಹೂ, ಕತ್ತಾಳೆ ಸಾಕು, ಮಿಕ್ಕ ಜಾಗಕ್ಕೆ ಜಲ್ಲಿಕಲ್ಲು ಸುರಿಯಿರಿ ಎನ್ನುವವರು ಒಂದು ಕಡೆ. ದಸರೆಗೆ ಚೆಂಡು ಹೂ, ಚಳಿಗೆ ಸೇವಂತಿಗೆ ಅರಳದಿದ್ದರೆ ಅದೆಂಥ ಅಂಗಳ ಎನ್ನುವವರು ಇನ್ನೊಂದು ಕಡೆ. ಸಾಮಾನ್ಯ ವರ್ಷದಲ್ಲಿ ಈ ಸೀಮೆಯ ಬಹುಭಾಗಕ್ಕೆ ಬೀಳುವ ಮಳೆ 500ರಿಂದ 750 ಮಿ.ಮೀ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ಕಡೆ ಈ ಪ್ರಶ್ನೆಯನ್ನು ಬರೀ ಅಭಿರುಚಿಗೆ ಬಿಡಲಾಗದು.

ಗಟ್ಟಿ ಗಿಡದವರ ವಾದ ಬಲವಾದದ್ದು. ಬರ ಬಂದಾಗ ಮೊದಲು ನೀರು ನಿಲ್ಲುವುದು ತೋಟಕ್ಕೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಕಾವೇರಿ ನೀರು ಬರುವ ಊರಿನ ಪಾಡೇ ಹೀಗಾದರೆ ಬೋರ್‌ವೆಲ್ಲನ್ನೇ ನಂಬಿರುವ ಊರುಗಳ ಪಾಡು ಬೇರೆ ಹೇಳಬೇಕಿಲ್ಲ. ಇನ್ನು ಮನೆಯ ಪರಿಸ್ಥಿತಿ ನೋಡಿ. ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ. ಮನೆಯಲ್ಲಿರುವ ವಯಸ್ಸಾದ ಇಬ್ಬರು ಬೇಸಿಗೆಯಲ್ಲಿ ಒಂದು ತಿಂಗಳು ಬೀಗ ಹಾಕಿಕೊಂಡು ಅವರ ಬಳಿ ಹೋಗುತ್ತಾರೆ. ಅವರು ಬರುವವರೆಗೆ ಬದುಕಿರುವ ಗಿಡ ಬೇಕಲ್ಲ. ಎರಡು ಮಳೆಗಾಲ ಕಂಡು ಬೇರು ಇಳಿಸಿದ ಕಾಗದದ ಹೂವಿನ ಬಳ್ಳಿ ಹಾಗೆ ಬದುಕುತ್ತದೆ. ಅಷ್ಟೇ ಅಲ್ಲ, ನೀರು ಹೆಚ್ಚಾದರೆ ಎಲೆ ಬಿಡುವ ಆ ಬಳ್ಳಿ ನೀರು ಕಡಿಮೆಯಾದಾಗಲೇ ಮೈತುಂಬ ಬಣ್ಣ ತಳೆಯುತ್ತದೆ. ರಸ್ತೆ ಬದಿಯಲ್ಲಿ ಯಾರೂ ನೆಡದೆ ಹಳದಿ ಹೂ ಬಿಡುವ ತಂಗಡಿಯೂ ಅದೇ ಜಾತಿಯ ಜೀವ. ಹೀಗಿರುವಾಗ ಗಟ್ಟಿ ಗಿಡಕ್ಕೆ ಬಣ್ಣವಿಲ್ಲ ಎನ್ನುವುದು ಸುಳ್ಳು.

ಆದರೆ ಗಟ್ಟಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಬಳ್ಳಾರಿ ಜಾಲಿಗಿಂತ ಗಟ್ಟಿ ಗಿಡ ಯಾವುದಿದೆ? ಹಸಿರಿಗೆ, ಸೌದೆಗೆ ಎಂದು ತಂದು ಬೆಳೆಸಿದ್ದು ಕೆರೆಯಂಗಳ, ಗೋಮಾಳಗಳನ್ನೆಲ್ಲ ನುಂಗಿತು. ಲಂಟಾನ ಗಟ್ಟಿಯೂ ಹೌದು, ಬಣ್ಣದ್ದೂ ಹೌದು. ಕಾಡಿಗೆ ಅದು ಮಾಡಿದ ಹಾನಿ ಎಲ್ಲರಿಗೂ ಗೊತ್ತು. ನೆಟ್ಟ ಸ್ವಲ್ಪ ಕಾಲದಲ್ಲೇ ದಟ್ಟ ಹಸಿರು ಗೋಡೆಯಾಗುವ ಕೊನೊಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಬೇಕಾಯಿತು. ಕಣಗಿಲೆಯ ಎಲೆ, ಹಾಲು, ಹೂ ಎಲ್ಲವೂ ವಿಷ. ದನ, ಆಡು, ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಎಲ್ಲಿ ನೆಡಬೇಕೆಂದು ಎರಡು ಸಲ ಯೋಚಿಸಬೇಕು.

ಮಣ್ಣಿನ ಮಾತು ಬೇರೆ ಇದೆ, ಇದನ್ನು ನರ್ಸರಿಯವರು ಹೇಳುವುದು ಕಡಿಮೆ. ಎರೆ ಭೂಮಿಯಲ್ಲಿ ಕತ್ತಾಳೆ, ಲೋಳೆಸರ, ಅಡೇನಿಯಂ ಸಾಯುವುದು ಹೆಚ್ಚಾಗಿ ಮಳೆಗಾಲದಲ್ಲಿ, ಬೇಸಿಗೆಯಲ್ಲಲ್ಲ. ಕಪ್ಪು ಮಣ್ಣು ಮಳೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಬುಡ ಕೊಳೆಯುತ್ತದೆ. ಅಂಥ ಗಿಡಗಳಿಗೆ ಮಸಾರಿ ಮಣ್ಣು, ಮರಳು ಸೇರಿಸಿ ಒಂದು ಅಡಿ ಏರಿಸಿದ ಮಡಿ ಮಾಡಲೇಬೇಕು. ಜಲ್ಲಿಕಲ್ಲಿನ ಹಾಸು ಸಹ ನೋಡಲು ಚೆಂದ, ಕಳೆಯನ್ನೂ ತಡೆಯುತ್ತದೆ. ಆದರೆ ನೆರಳಿಲ್ಲದ ಕಡೆ ಹಗಲೆಲ್ಲ ಕಾದು ರಾತ್ರಿ ಕಿಟಕಿಯೊಳಗೆ ಬಿಸಿ ಕಳಿಸುತ್ತದೆ. ಒಣ ಎಲೆ, ತೊಗರಿ ಹೊಟ್ಟಿನ ಹೊದಿಕೆ ಕಳೆ ತಡೆಯುವ ಕೆಲಸವನ್ನು ತಂಪಾಗಿ ಮಾಡುತ್ತದೆ, ಮುಂದೆ ಗೊಬ್ಬರವೂ ಆಗುತ್ತದೆ.

ಈಗ ಬಣ್ಣದವರ ಕಡೆ ಬರೋಣ. ಋತುವಿನ ಹೂವನ್ನು ಶೋಕಿ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ದೇವರ ಜಗುಲಿಗೆ, ಹೊಸ್ತಿಲಿಗೆ, ಜಡೆಗೆ ಹೂ ಬೇಕಾದ ಮನೆಗಳು ಇವು. ಚೆಂಡು ಹೂವಿನ ಸಸಿಯನ್ನು ಜುಲೈ ಕೊನೆಗೆ ನಾಟಿ ಮಾಡಿದರೆ ಸುಮಾರು ಎರಡು ತಿಂಗಳಿಗೆ ಹೂ. ಈ ಸೀಮೆಯಲ್ಲಿ ಮಳೆ ಜೋರಾಗುವುದೂ ಸೆಪ್ಟೆಂಬರಿನಲ್ಲೇ. ಅಂದರೆ ದಸರೆಯ ಬಣ್ಣದ ಬಹುಪಾಲು ನೀರನ್ನು ಮೋಡವೇ ಕೊಡುತ್ತದೆ. ಸೇವಂತಿಗೆ ಹಗಲು ಚಿಕ್ಕದಾದ ಮೇಲೆ ಮೊಗ್ಗಾಗುವ ಗಿಡ, ಆಗ ಬಿಸಿಲೂ ಇಳಿದಿರುತ್ತದೆ. ಚಳಿಗಾಲದಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ 4–5 ಲೀಟರ್ ನೀರು ಎಂದುಕೊಂಡರೂ ನೂರು ಚದರ ಅಡಿಗೆ ಆಗುವುದು 45 ಲೀಟರಿನಷ್ಟು, ಮೂರು ಕೊಡ. ಅದೇ ಅಂಗಳದಲ್ಲಿ ಸಾವಿರ ಚದರ ಅಡಿ ಹುಲ್ಲುಹಾಸಿದ್ದರೆ ಮೇ ತಿಂಗಳಲ್ಲಿ ದಿನಕ್ಕೆ 500 ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಹೂವಿನ ಮಡಿಯನ್ನು ದೂರುವವರು ಅದರ ಪಕ್ಕದ ಲಾನ್ ಕಡೆ ಒಮ್ಮೆ ನೋಡಬೇಕು.

ಬಣ್ಣದ ಪಕ್ಷ ಸೋಲುವುದು ಫೆಬ್ರವರಿ ಕೊನೆಗೆ. ಬಾಡತೊಡಗಿದ ಪೆಟೂನಿಯಾವನ್ನು ಏಪ್ರಿಲ್‌ವರೆಗೆ ಎಳೆಯಲು ಬೆಳಗ್ಗೆ ಸಂಜೆ ನೀರು ಸುರಿಯುವುದು, ಅದು ಸತ್ತ ಮೇಲೆ ನರ್ಸರಿಯಿಂದ ಇನ್ನಷ್ಟು ತರುವುದು ಶುದ್ಧ ನಷ್ಟ. ಋತುವಿನ ಹೂವನ್ನು ಋತು ಮುಗಿದಾಗ ಕಿತ್ತು ಗೊಬ್ಬರದ ಗುಂಡಿಗೆ ಹಾಕುವ ಗಟ್ಟಿ ಮನಸ್ಸು ಬೇಕು. ಮಡಿ ಮೂರು ತಿಂಗಳು ಖಾಲಿ ಇದ್ದರೆ ಇರಲಿ, ಹೊಲವೂ ಹಾಗೆಯೇ ಇರುತ್ತದೆ.

ಬೇಸಿಗೆಯ ಬಣ್ಣ ಮರದಿಂದ ಬರಲಿ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗೆಲ್ ರಸ್ತೆಗಳಿಗೆ ಮರ ಆರಿಸುವಾಗ ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಯೋಜಿಸಿದ್ದರು. ಬಯಲುಸೀಮೆಗೆ ಆ ಸಾಲು ನಮ್ಮಲ್ಲೇ ಇದೆ: ಬೇಸಿಗೆಯ ಬಾಗಿಲಲ್ಲಿ ಮುತ್ತುಗ, ಆಮೇಲೆ ಹೊಂಗೆ, ಏಪ್ರಿಲ್–ಮೇನಲ್ಲಿ ಕಕ್ಕೆ. ಮೂವತ್ತು–ನಲವತ್ತರ ಸೈಟಿನಲ್ಲಿ ಇವೆಲ್ಲ ಹಿಡಿಸವು, ನಿಜ. ಒಂದು ಕಕ್ಕೆ ಹಿಡಿಸುತ್ತದೆ. ಅದರ ನೆರಳು ಬಿದ್ದ ಕಡೆ ಕನಕಾಂಬರ ಚೆನ್ನಾಗಿ ಬರುತ್ತದೆ, ಮಡಿಯ ನೀರೂ ಬೇಗ ಆರುವುದಿಲ್ಲ.

ಮನೆಯ ಅಂಗಳಕ್ಕೆ ನನ್ನ ಒಲವು ಹೀಗೆ: ಮುಕ್ಕಾಲು ಪಾಲು ಗಟ್ಟಿ ಗಿಡ, ಅಡುಗೆಮನೆಯ ಬಾಗಿಲ ಹತ್ತಿರ ಒಂದು ಸಣ್ಣ ಹೂವಿನ ಮಡಿ. ಅಕ್ಕಿ, ತರಕಾರಿ ತೊಳೆದ ನೀರು ಮಡಿಗೆ. ಆರ್‌ಒ ಯಂತ್ರ ಹೊರಬಿಡುವ ಉಪ್ಪು ನೀರನ್ನು ಮಾತ್ರ ಅಲ್ಲಿಗೆ ಹಾಕಬಾರದು, ಅದನ್ನು ಕಣಗಿಲೆ, ಕಾಗದದ ಹೂ ತಾಳಿಕೊಳ್ಳುತ್ತವೆ.

ರಸ್ತೆಯ ಡಿವೈಡರ್‌ಗೆ ಗಟ್ಟಿ ಗಿಡ ಬಿಟ್ಟು ಬೇರೇನೂ ಬೇಡ. ಓಡುವ ವಾಹನಗಳ ನಡುವೆ ಟ್ಯಾಂಕರ್ ನಿಲ್ಲಿಸಿ ಮಾಲಿಯ ಜೀವ ಪಣಕ್ಕಿಡುವಷ್ಟು ಬೆಲೆ ಯಾವ ಹೂವಿಗೂ ಇಲ್ಲ. ಆದರೆ ಊರಿನ ಉದ್ಯಾನದ ವಿಷಯ ಬಂದಾಗ ನಾನು ಬಣ್ಣದವರ ಪರ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವವರಿಗೆ ಅಂಗಳವೆಂದರೆ ಆ ಉದ್ಯಾನವೇ. ಜಲ್ಲಿ, ಕತ್ತಾಳೆ ತೋರಿಸಿ ನೀರು ಉಳಿಸಿದೆವು ಎಂದು ಅವರಿಗೆ ಹೇಳುವ ಮೊದಲು, ಊರಿನ ಕೊಳಚೆ ನೀರನ್ನು ಸಂಸ್ಕರಿಸಿ ಗೇಟಿನ ಬಳಿಯ ಎರಡು ಮಡಿಗಳಿಗಾದರೂ ತರುವ ಕೆಲಸವನ್ನು ನಗರಸಭೆಗಳು ಮಾಡಬೇಕು.