ಸದ್ದು ಕೇಳಿದವರಿಗೆ ಉತ್ತರ ಕೊಡುವವರು ಯಾರು?

ಸೋನ್ಯಾಳದಂಥ ಊರಿನಲ್ಲಿ ನಡುಮಧ್ಯಾಹ್ನ ಆಕಾಶ ಒಮ್ಮೆಲೇ ಗುಡುಮ್ ಎಂದಿತು ಎಂದಿಟ್ಟುಕೊಳ್ಳಿ. ಮೋಡವಿಲ್ಲ, ಮಿಂಚಿಲ್ಲ. ದನದ ಕೊಟ್ಟಿಗೆಯ ಪತ್ರಾಸು ಝಲ್ಲೆನ್ನುತ್ತದೆ, ಮಾಡದಲ್ಲಿಟ್ಟ ಭಾಂಡೆಗಳು ಒಂದಕ್ಕೊಂದು ತಾಕುತ್ತವೆ, ಹೊಲದ ಬದುವಿನಲ್ಲಿ ನವಿಲು ಕೇಕೆ ಹಾಕುತ್ತದೆ. ಮನೆಯೊಳಗಿದ್ದವರು ಅಂಗಳಕ್ಕೆ ಬಂದು ಮೇಲೆ ನೋಡುತ್ತಾರೆ. ಅಲ್ಲಿ ಏನೂ ಇಲ್ಲ. ಅರ್ಧ ಗಂಟೆಯೊಳಗೆ ಫೋನುಗಳು ಶುರುವಾಗುತ್ತವೆ: ಮಾಡಗ್ಯಾಳದಲ್ಲೂ ಕೇಳಿತಂತೆ, ಉಮದಿಯಲ್ಲೂ ಕೇಳಿತಂತೆ, ಗಡಿಯಾಚೆ ಚಡಚಣದ ಕಡೆಗೂ ಕೇಳಿತಂತೆ. ಎಲ್ಲರೂ ಕೇಳಿದ್ದಾರೆ ಎಂದು ಖಾತ್ರಿಯಾದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಏನದು ಎಂದು ಯಾರನ್ನು ಕೇಳಬೇಕು?

ಸೋನ್ಯಾಳ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರು. ಈ ಭಾಗದ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಜಿಲ್ಲಾಕೇಂದ್ರ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಇಂಥ ಸದ್ದಾದ ಮರುದಿನ ಮರಾಠಿ ಪತ್ರಿಕೆ 'ಗೂಢ ಆವಾಜ್' ಎನ್ನುತ್ತದೆ, ಕನ್ನಡ ಪತ್ರಿಕೆ 'ನಿಗೂಢ ಶಬ್ದ' ಎನ್ನುತ್ತದೆ. ಸದ್ದು ಕೇಳಿಸಿದ ವರದಿ ಎರಡರಲ್ಲೂ ಇರುತ್ತದೆ, ಕಾರಣ ತಿಳಿದ ವರದಿ ಬರುವುದು ಅಪರೂಪ. ಇಂಥ ಸದ್ದುಗಳಲ್ಲಿ ಬಹುಪಾಲಿಗೆ ಕಾರಣ ಹುಡುಕಬಹುದು. ಹುಡುಕಿ ಹೇಳುವ ಹೊಣೆ ಯಾರದೆಂದು ಗೊತ್ತಿಲ್ಲದ ಕಡೆ ಅವು ನಿಗೂಢವಾಗಿ ಉಳಿದುಬಿಡುತ್ತವೆ. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟನ್ನೇ.

ಹೊಣೆ ಹೊತ್ತವರು ಇದ್ದಲ್ಲಿ ಏನಾಗುತ್ತದೆ ಎಂಬುದನ್ನು ಬೆಂಗಳೂರು ನೋಡಿದೆ. 2020ರ ಮೇ 20ರಂದು ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ನಗರದ ಉದ್ದಗಲಕ್ಕೂ ಕಿಟಕಿಗಳು ನಡುಗುವಂಥ ಸದ್ದಾಯಿತು. ಭೂಕಂಪವೇ ಎಂದು ಜನ ಬೀದಿಗೆ ಬಂದರು. ಭೂಕಂಪ ದಾಖಲಾಗಿಲ್ಲ ಎಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯೇ ಬಾಯಿಬಿಟ್ಟಿತು: ವಾಯುಪಡೆಯ ಪರೀಕ್ಷಾರ್ಥ ಹಾರಾಟದ ವಿಮಾನವೊಂದು 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳವೇಗಕ್ಕೆ ಇಳಿಯುವಾಗ ಹುಟ್ಟಿದ ಸದ್ದು ಅದಾಗಿರಬಹುದು, ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಇಂಥ ಸದ್ದು ಜನರಿಗೆ ಕೇಳಿಸಬಲ್ಲದು. ಒಂದೇ ದಿನದಲ್ಲಿ ಭಯ ಹುಟ್ಟಿ, ಒಂದೇ ದಿನದಲ್ಲಿ ತಣ್ಣಗಾಯಿತು. 2021ರ ನವೆಂಬರ್ 26ರಂದು ರಾಜರಾಜೇಶ್ವರಿನಗರ, ಕೆಂಗೇರಿ, ಹೆಮ್ಮಿಗೆಪುರದ ಕಡೆ ಮತ್ತೆ ಸದ್ದಾದಾಗಲೂ ತನ್ನ ಭೂಕಂಪನ ಮಾಪಕಗಳಲ್ಲಿ ಏನೂ ದಾಖಲಾಗಿಲ್ಲ ಎಂದು ಅದೇ ಕೇಂದ್ರ ಹೇಳಿತು. 'ಅದಲ್ಲ' ಎನ್ನುವುದೂ ಒಂದು ಉತ್ತರ. ಅರ್ಧ ಹೆದರಿಕೆಯನ್ನು ಅದು ಆಗಲೇ ತೆಗೆದುಹಾಕುತ್ತದೆ.

ಇನ್ನು 'ಆಕಾಶದಿಂದ ಬಂತು' ಎಂಬ ಮಾತು. ಇದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಎಡಕ್ಕೋ ಬಲಕ್ಕೋ ಎಂಬುದನ್ನು ಎರಡು ಕಿವಿಗಳ ನಡುವಿನ ವ್ಯತ್ಯಾಸದಿಂದ ನಾವು ಚೆನ್ನಾಗಿ ಗುರುತಿಸುತ್ತೇವೆ. ಮೇಲೋ ಕೆಳಗೋ ಎಂಬುದು ಕಷ್ಟ, ಅದರಲ್ಲೂ ತೀರ ಗಡುಸಾದ ತಗ್ಗುದನಿಯಲ್ಲಿ. ಗೋಡೆ, ಬಾಗಿಲು, ಪತ್ರಾಸು ಎಲ್ಲವೂ ಒಟ್ಟಿಗೆ ಕಂಪಿಸಿದಾಗ ಸದ್ದು ಸುತ್ತಲಿಂದ ಬಂದಂತಾಗುತ್ತದೆ. ಸುತ್ತ ಏನೂ ಕಾಣದಿದ್ದಾಗ ಮನಸ್ಸು ಅದನ್ನು ಮೇಲಕ್ಕೆ ಸೇರಿಸುತ್ತದೆ. ಹಾಗಾಗಿ ಕೇಳಿದ್ದು ಸಾಕ್ಷ್ಯ, ಎಲ್ಲಿಂದ ಬಂತೆಂಬುದು ಊಹೆ. ಊಹೆ ತಪ್ಪಿತೆಂದು ಸಾಕ್ಷ್ಯವನ್ನೇ ಎಸೆಯುವವರು, 'ಹಳ್ಳಿಯವರ ಭ್ರಮೆ' ಎಂದು ಕೈಝಾಡಿಸುವವರು, ತಮ್ಮನ್ನು ವಿಚಾರವಂತರೆಂದು ಕರೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಹತ್ತು ಊರಿನವರು ಒಂದೇ ಹೊತ್ತಿಗೆ ಕೇಳಿದ್ದು ಭ್ರಮೆಯಾಗಲು ಸಾಧ್ಯವಿಲ್ಲ.

ಆಕಾಶದ ಸದ್ದೆಂದು ಕೇಳಿಸಿದ್ದು ನೆಲದ್ದೂ ಆಗಿರಬಹುದು. ಈ ನಾಡಿನಲ್ಲಿ ಎಚ್ಚರದಿಂದ ನೋಡಬೇಕಾದದ್ದು ಇದನ್ನೇ. ಜತ್ತದ ಕೆಳಗಿರುವುದು ದಖ್ಖನ್ನಿನ ಕಪ್ಪುಗಲ್ಲು. ಗಟ್ಟಿ ಬಂಡೆ ಕಂಪನವನ್ನು ನುಂಗದೆ ದಾಟಿಸುತ್ತದೆ. ಹೆಚ್ಚು ಆಳವಿಲ್ಲದ ಕಡೆ ಸಣ್ಣ ಭೂಕಂಪವಾದರೆ ಅದರ ಮೊದಲ ಅಲೆ ಸೆಕೆಂಡಿಗೆ ಐದಾರು ಕಿಲೋಮೀಟರ್ ವೇಗದಲ್ಲಿ ಮೇಲೆ ಬಂದು, ನೆಲವನ್ನು ದಾಟಿ ಗಾಳಿಗೆ ಸದ್ದಾಗಿ ಹೊಮ್ಮುತ್ತದೆ. ಅಲುಗಾಟ ಅರಿವಿಗೆ ಬಾರದಷ್ಟು ಚಿಕ್ಕದಿರಬಹುದು, ಸದ್ದು ಮಾತ್ರ ಕೇಳುತ್ತದೆ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದವರು ಇಂಥ ಸದ್ದನ್ನು ವರ್ಷಗಳ ಕಾಲ ಕೇಳಿದರು, ಹೇಳಿದರು. 2021ರ ಅಕ್ಟೋಬರ್‌ನಲ್ಲಿ ನೆಲವೂ ನಡುಗಿ, 4.1 ತೀವ್ರತೆಯ ಕಂಪನ ದಾಖಲಾಗಿ, ಜನ ಮನೆ ಬಿಟ್ಟು ಹೊರಟ ಮೇಲೆಯೇ ಊರಿನ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದು. ಮಳೆಗಾಲದ ನೀರು ಸುಣ್ಣಕಲ್ಲಿನ ಸೀಳುಗಳಲ್ಲಿ ಇಳಿದು ಒತ್ತಡ ಬದಲಿಸುವುದೇ ಕಾರಣವಿರಬಹುದು ಎಂದು ವಿಜ್ಞಾನಿಗಳು ಹೇಳಿದರು. 2022ರ ಜುಲೈ 9ರ ಬೆಳಗ್ಗೆ ವಿಜಯಪುರ ತಾಲ್ಲೂಕಿನ ಕನ್ನೂರಿನ ಬಳಿ ನಾಲ್ಕಕ್ಕೂ ಮೇಲಿನ ತೀವ್ರತೆಯ ಕಂಪನವಾದಾಗ ಗಡಿಯಾಚೆ ಮಹಾರಾಷ್ಟ್ರದವರೂ ಮನೆಯಿಂದ ಹೊರಗೆ ಓಡಿಬಂದರು.

ಕಿಲ್ಲಾರಿಯನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಲಾತೂರ್ ಜಿಲ್ಲೆಯ ಆ ಭಾಗದಲ್ಲಿ 1992ರ ಅಕ್ಟೋಬರ್‌ನಲ್ಲೇ ಸಣ್ಣ ಕಂಪನಗಳು ಆಗಿದ್ದವು. ಆಮೇಲೆ ಎಲ್ಲ ತಣ್ಣಗಾಯಿತು. 1993ರ ಸೆಪ್ಟೆಂಬರ್ 30ರಂದು, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನರ ಮೇಲೆ, ನಸುಕಿನ 3 ಗಂಟೆ 56 ನಿಮಿಷಕ್ಕೆ ಮನೆಗಳು ಕುಸಿದವು. ಸುಮಾರು ಹತ್ತು ಸಾವಿರ ಮಂದಿ ಸತ್ತರು. ಕೊಂದದ್ದು ಮಣ್ಣಿನಲ್ಲಿ ಕಲ್ಲಿಟ್ಟು ಕಟ್ಟಿದ ಗೋಡೆ, ಅದರ ಮೇಲೆ ವರ್ಷವರ್ಷವೂ ಮಣ್ಣು ಹಾಕಿ ಭಾರವಾದ ಮಾಳಿಗೆ. ಅಂಥ ಮನೆಗಳು ಜತ್ತದಲ್ಲೂ ಇವೆ, ವಿಜಯಪುರದಲ್ಲೂ ಇವೆ. ಸಣ್ಣ ಕಂಪನವಾದರೆ ದೊಡ್ಡದು ಬಂದೇ ಬರುತ್ತದೆ ಎಂದು ಯಾರೂ ಹೇಳಲಾರರು. ಬಹುಪಾಲು ಸಂದರ್ಭಗಳಲ್ಲಿ ಬರುವುದಿಲ್ಲ. ಆದರೆ ಸದ್ದು ನೆಲದ್ದೋ ಬಾನಿನದ್ದೋ ಎಂಬುದು ಗೊತ್ತಾದರೆ ಮಾಳಿಗೆಯ ಮಣ್ಣು ಇಳಿಸಬೇಕೇ, ಮೂಲೆಗಲ್ಲು ಭದ್ರಪಡಿಸಬೇಕೇ ಎಂದು ಒಂದು ಸಂಸಾರ ಯೋಚಿಸಬಹುದು. ಆ ಯೋಚನೆಗೆ ಅವಕಾಶವನ್ನೇ ಕೊಡದೆ ಇರುವುದು ಅನ್ಯಾಯ.

ನಿಜವಾಗಿ ಬಾನಿನಿಂದ ಬರುವ ಸದ್ದುಗಳೂ ಇವೆ. ಶಬ್ದಾತೀತ ವಿಮಾನದ ಸದ್ದು ಹೆಚ್ಚಾಗಿ ಜೋಡಿಯಾಗಿ ಬರುತ್ತದೆ, ಕಣ್ಣುಮಿಟುಕಿಸುವುದರೊಳಗೆ ಎರಡು ಏಟು. ವಿಮಾನ ನಲವತ್ತು ಸಾವಿರ ಅಡಿಯಲ್ಲಿದ್ದರೆ ಅದರ ಸದ್ದು ನೆಲದ ಮೇಲೆ ಸುಮಾರು ಅರವತ್ತು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಬೀಳುತ್ತದೆ. ಜನ ತಲೆಯೆತ್ತಿ ನೋಡುವ ಹೊತ್ತಿಗೆ ವಿಮಾನ ಎಷ್ಟೋ ಮುಂದೆ ಹೋಗಿರುತ್ತದೆ. ಉಲ್ಕೆ ಇನ್ನೊಂದು. 2012ರ ಮೇ 22ರ ಮಧ್ಯಾಹ್ನ ನಾಗಪುರ ಜಿಲ್ಲೆಯ ಕಾಟೋಲ್‌ನಲ್ಲಿ ಭಾರಿ ಸದ್ದಾಗಿ ಕಲ್ಲುಗಳು ಬಿದ್ದವು. ಅವು ಉಲ್ಕಾಶಿಲೆಗಳೆಂದು ಪರೀಕ್ಷೆಯಿಂದ ಸ್ಥಿರಪಟ್ಟಿತು. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನ ಮೇಲೆ ಉಲ್ಕೆ ಸಿಡಿದಾಗ ಮೊದಲು ಬಂದದ್ದು ಬೆಳಕು. ಅದನ್ನು ನೋಡಲು ಜನ ಕಿಟಕಿಗೆ ಬಂದು ನಿಂತರು. ಒಂದೆರಡು ನಿಮಿಷ ಕಳೆದು ಸದ್ದಿನ ಅಲೆ ಬಂದು ಗಾಜು ಒಡೆಯಿತು. ಗಾಯಗೊಂಡ ಸುಮಾರು ಒಂದೂವರೆ ಸಾವಿರ ಮಂದಿಯಲ್ಲಿ ಬಹಳಷ್ಟು ಜನ ಹಾಗೆ ನಿಂತವರೇ. ಬೆಳಕು ಕಂಡರೆ ಕಿಟಕಿಯಿಂದ ಹಿಂದೆ ಸರಿಯಬೇಕು ಎಂಬ ಒಂದು ಮಾತು ಗೊತ್ತಿದ್ದರೆ ಅಷ್ಟು ರಕ್ತ ಹರಿಯುತ್ತಿರಲಿಲ್ಲ.

ಬರೀ ಕೇಳಿಸಿಕೊಂಡವರ ಮಾತು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 1883ರದ್ದು. ಆ ವರ್ಷ ಆಗಸ್ಟ್ 27ರಂದು ಇಂಡೊನೇಷ್ಯಾದ ಕ್ರಾಕಟೋವ ಜ್ವಾಲಾಮುಖಿ ಸಿಡಿಯಿತು. ಸುಮಾರು 4,800 ಕಿಲೋಮೀಟರ್ ದೂರದಲ್ಲಿ, ಮಾರಿಷಸ್ ಬಳಿಯ ರೋಡ್ರಿಗ್ಸ್ ದ್ವೀಪದಲ್ಲಿ, ಜೇಮ್ಸ್ ವಾಲಿಸ್ ಎಂಬ ಪೊಲೀಸ್ ಅಧಿಕಾರಿ ಪೂರ್ವದ ಕಡೆಯಿಂದ ತೋಪು ಹಾರಿಸಿದಂಥ ಸದ್ದು ಬರುತ್ತಿದೆ ಎಂದು ಬರೆದಿಟ್ಟ. ಸದ್ದು ಅಲ್ಲಿಗೆ ಬರಲು ನಾಲ್ಕು ಗಂಟೆ ಹಿಡಿದಿತ್ತು. ಜ್ವಾಲಾಮುಖಿಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ನಟಿಸಲೂ ಇಲ್ಲ. ದಿಕ್ಕು, ಬಗೆ, ಸದ್ದುಗಳ ನಡುವಿನ ಬಿಡುವು ಇಷ್ಟನ್ನು ಬರೆದ. ಶಬ್ದದ ಚರಿತ್ರೆಯಲ್ಲಿ ಇವತ್ತಿಗೂ ಆ ಟಿಪ್ಪಣಿ ನಿಂತಿದೆ. ಬಂಗಾಳದ ಬಾರಿಸಾಲ್‌ನಲ್ಲಿ, ಈಗ ಅದು ಬಾಂಗ್ಲಾದೇಶದಲ್ಲಿದೆ, ಗಂಗೆಯ ಮುಖಜ ಭೂಮಿಯ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಪದೇ ಪದೇ ತೋಪಿನಂಥ ಸದ್ದು ಕೇಳಿಸುತ್ತಿತ್ತು. ಚಾರ್ಲ್ಸ್ ಡಾರ್ವಿನ್ನರ ಮಗ, ವಿಜ್ಞಾನಿ ಜಾರ್ಜ್ ಡಾರ್ವಿನ್, 1895ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆ ವಿಷಯವೆತ್ತಿದರು. ಬಾರಿಸಾಲ್ ತೋಪುಗಳಿಗೆ ಎಲ್ಲರೂ ಒಪ್ಪುವ ಕಾರಣ ಇನ್ನೂ ಸಿಕ್ಕಿಲ್ಲ. ಉತ್ತರ ಸಿಗದ ಸದ್ದು ಕೂಡ ಉಂಟು, ಅದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆ ಬೇಡ. ಎಲ್ಲೆಲ್ಲಿ ಯಾವಾಗ ಕೇಳಿತು ಎಂಬ ದಾಖಲೆ ಇರುವುದರಿಂದಲೇ ಆ ಹುಡುಕಾಟ ಇನ್ನೂ ಸಾಧ್ಯವಾಗಿದೆ.

ಉತ್ತರ ಬಾರದ ಜಾಗದಲ್ಲಿ ಏನು ಬಂದು ಕೂರುತ್ತದೆ? ಕೆಲವರು ದೇವರಿಗೊಂದು ಕಾಯಿ ಒಡೆಯುತ್ತಾರೆ, ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊರುತ್ತಾರೆ. ಅದರಿಂದ ಯಾರಿಗೂ ಕೇಡಿಲ್ಲ, ಹೆದರಿದ ಮನಸ್ಸಿಗೆ ಒಂದು ಆಸರೆ ಬೇಕು. ಕೇಡು ಇರುವುದು ಫೋನಿನಿಂದ ಫೋನಿಗೆ ಹಾರುವ ಗಾಳಿಸುದ್ದಿಯಲ್ಲಿ. 2011-12ರಲ್ಲಿ 'ಬಾನಿನ ಕಹಳೆ' ಎಂಬ ವಿಡಿಯೊಗಳು ಲೋಕವನ್ನೆಲ್ಲ ಸುತ್ತಿದವು. ಬೇರೆ ಬೇರೆ ಊರಿನ ದೃಶ್ಯಗಳಿಗೆ ಒಂದೇ ಧ್ವನಿಯನ್ನು ಅಂಟಿಸಿದ್ದು ಎಷ್ಟೋ ಕಡೆ ಬಯಲಾಯಿತು. ಗಾಳಿಸುದ್ದಿ ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು ಜತ್ತ ತಾಲ್ಲೂಕು ಕಣ್ಣಾರೆ ಕಂಡಿದೆ. 2022ರ ಸೆಪ್ಟೆಂಬರ್‌ನಲ್ಲಿ ಇದೇ ತಾಲ್ಲೂಕಿನ ಲವಂಗಾದಲ್ಲಿ, ವಿಜಯಪುರದಿಂದ ಪಂಢರಪುರದತ್ತ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಬಡಿದರು. ಆ ಗುಲ್ಲಿಗೂ ಆಕಾಶದ ಸದ್ದಿಗೂ ಸಂಬಂಧವಿಲ್ಲ. ಆದರೆ ದಾರಿ ಒಂದೇ: ಭಯ ಮೊದಲು, ಕಥೆ ಆಮೇಲೆ, ಅಧಿಕೃತ ಮಾತು ಕೊನೆಗೆ. ಈ ಸಾಲಿನಲ್ಲಿ ಅಧಿಕೃತ ಮಾತು ಎರಡನೆಯದಾಗಿ ಬರಬೇಕು.

ಒಂದೊಂದು ಸದ್ದಿಗೂ ಸರ್ಕಾರ ಉತ್ತರ ಕೊಡುತ್ತಾ ಕೂರಬೇಕೇ ಎಂದು ಕೇಳಬಹುದು. ಬಾವಿಯ ಬಂಡೆಗೆ ಸುರಂಗ ಹಾರಿಸಿದ್ದು, ಕ್ವಾರಿಯ ಸಿಡಿತ, ಇವೂ ದೂರಕ್ಕೆ ಕೇಳುತ್ತವೆ ನಿಜ. ಸಿಡಿತಗಳಿಗೆ ಪರವಾನಗಿ ಇರುತ್ತದೆ, ಹೊತ್ತು ಗೊತ್ತಿರುತ್ತದೆ. ಹೋಲಿಸಿ ನೋಡುವುದು ಅರ್ಧ ಗಂಟೆಯ ಕೆಲಸ. ವಿಮಾನದ್ದು ರಕ್ಷಣೆಯ ಗುಟ್ಟು ಎನ್ನುವವರಿಗೆ ಬೆಂಗಳೂರಿನ ಮೇ 20 ಸಾಕು: ಹೇಳಿದ್ದರಿಂದ ಯಾವ ಗುಟ್ಟೂ ಬಯಲಾಗಲಿಲ್ಲ. ಭೂಕಂಪನದ ದಾಖಲೆಯಂತೂ ರಾಷ್ಟ್ರೀಯ ಭೂಕಂಪನ ಕೇಂದ್ರದ ಬಳಿ ಬಹುಮಟ್ಟಿಗೆ ಇರುತ್ತದೆ. ಕೊರತೆ ಇರುವುದು ಕೊನೆಯ ಮೈಲಿಯಲ್ಲಿ. ವಿಜಯಪುರದ ಮಾಪಕಕ್ಕೆ ಸಿಕ್ಕಿದ್ದು ಕರ್ನಾಟಕದ ಪ್ರಕಟಣೆಯಾಗಿ ಕನ್ನಡದಲ್ಲಿ ಹೊರಡುತ್ತದೆ, ಜತ್ತದ ಕಚೇರಿಗೆ ಅದು ಪರರಾಜ್ಯದ ಕಾಗದ. ಸಾಂಗ್ಲಿಯ ಪ್ರಕಟಣೆ ಮರಾಠಿಯಲ್ಲಿ ಹೊರಡುತ್ತದೆ, ಕನ್ನಡವಷ್ಟೇ ಓದಬಲ್ಲ ಅಜ್ಜಿಗೆ ಅದನ್ನು ಮೊಮ್ಮಗ ಓದಿ ಹೇಳಬೇಕು. ಭೂಕಂಪದ ಅಲೆಗೆ ಗಡಿ ಇಲ್ಲದಿರುವಾಗ ಅದರ ಸುದ್ದಿಗೆ ಗಡಿ ಹಾಕಿಟ್ಟದ್ದು ನಾವು.

ಆಗಬೇಕಾದ್ದು ದೊಡ್ಡದೇನಲ್ಲ. ಜತ್ತದ ತಹಸೀಲ್ ಕಚೇರಿಗೂ ವಿಜಯಪುರ ಜಿಲ್ಲಾಡಳಿತಕ್ಕೂ ನಡುವೆ ಒಂದು ನೇರ ಸಂದೇಶದ ಏರ್ಪಾಡು. ಸದ್ದಾದ ಒಂದೆರಡು ತಾಸಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ನಾಲ್ಕು ಸಾಲು. ಈ ಕಡೆಯಿಂದ ಊರುಗಳೂ ಕೊಡಬೇಕಾದ್ದಿದೆ. ಗ್ರಾಮ ಪಂಚಾಯತಿಯಲ್ಲೋ ಶಾಲೆಯಲ್ಲೋ ಒಂದು ವಹಿ ಇರಲಿ. ಫೋನಿನ ಗಡಿಯಾರ ನೋಡಿ ನಿಮಿಷ, ಸೆಕೆಂಡು ಬರೆಯಬೇಕು, ಒಂದು ಏಟೋ ಎರಡೋ ಬರೆಯಬೇಕು, ಸದ್ದಿನ ಮುಂಚೆ ಬೆಳಕು ಕಂಡಿತೇ, ತಂಬಿಗೆಯ ನೀರು ಅಲುಗಿತೇ, ಪತ್ರಾಸು ಮಾತ್ರ ನಡುಗಿತೇ ಎಂದು ಬರೆಯಬೇಕು. ಕಾರಣದ ಕಲಂ ಖಾಲಿ ಬಿಡಬೇಕು. ಸೋನ್ಯಾಳ, ಮಾಡಗ್ಯಾಳ, ಉಮದಿ, ಚಡಚಣ ಈ ನಾಲ್ಕು ಊರಿನ ವಹಿಗಳಲ್ಲಿ ಒಂದೇ ಸದ್ದಿನ ಸರಿಯಾದ ಹೊತ್ತು ಸೆಕೆಂಡು ಸಹಿತ ಸಿಕ್ಕರೆ, ಗಾಳಿಯಲ್ಲಿ ಸದ್ದಿಗೆ ಕಿಲೋಮೀಟರಿಗೆ ಮೂರು ಸೆಕೆಂಡು ಬೇಕೆಂಬ ಲೆಕ್ಕದಿಂದ ಅದು ಯಾವ ದಿಕ್ಕಿನಿಂದ ಬಂತೆಂದು ಹೈಸ್ಕೂಲಿನ ಹುಡುಗಿಯೊಬ್ಬಳು ಕಾಗದದ ಮೇಲೆ ಗೆರೆ ಎಳೆದು ತೋರಿಸಬಹುದು. ನಾಲ್ಕೂ ಊರುಗಳಲ್ಲಿ ಬಹುತೇಕ ಒಂದೇ ಕ್ಷಣಕ್ಕೆ ಕೇಳಿದ್ದರೆ ನೆಲದತ್ತ ಬೊಟ್ಟು ಮಾಡಬೇಕು, ಆಗ ಭೂಕಂಪನ ಕೇಂದ್ರದವರನ್ನು ಕೇಳಲು ಅವಳ ಕೈಯಲ್ಲಿ ನಿಮಿಷ ಸಹಿತ ಪ್ರಶ್ನೆ ಇರುತ್ತದೆ.